ಫ್ರಿಜ್ಜಿನಲ್ಲಿ ಮಲಗಿದ್ದ ಹೂಜಿ ಗಿಡ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ಪೂರ್ತಿ ನನ್ನದೇ. ಸ್ಟ್ಯಾನಿ ನನಗೆ ವಹಿಸಿದ್ದು ಏನೂ ಮಾಡದೆ ಸುಮ್ಮನಿರುವ ಕೆಲಸ. ಕವರ್ ಬಿಚ್ಚಬೇಡಿ ಅಂದಿದ್ದರು, ಅಷ್ಟೇ. ಐವತ್ತೆರಡು ವರ್ಷದ ಹೆಂಗಸಿಗೆ ಅಷ್ಟೂ ಆಗಲಿಲ್ಲ.

ನಾವಿರುವುದು ಮಸ್ಕತ್ತಿನ ವಾದಿ ಕಬೀರ್‌ನಲ್ಲಿ, ಗ್ಯಾರೇಜುಗಳ ಹಿಂದಿನ ಬಿಲ್ಡಿಂಗಿನ ಎರಡನೇ ಮಹಡಿ. ಯಜಮಾನರು ಚಲುವರಾಜು, ಬಿಲ್ಡಿಂಗಿನವರಿಗೆ ರಾಜಣ್ಣ, ಇಲ್ಲೇ ಒಂದು ಎಸಿ ಕಂಪನಿಯ ಆಫೀಸಿನಲ್ಲಿದ್ದಾರೆ. ಮಗಳು ದಿಶಾ ಹನ್ನೊಂದನೇ ಕ್ಲಾಸು. ನಾನು ಲಲಿತಾ, ಮೈಸೂರಿನವಳು. ಮಸ್ಕತ್ತಿನ ಕನ್ನಡದವರೆಲ್ಲ ನನ್ನನ್ನು ಉಪ್ಪಿನಕಾಯಿ ಲಲಿತಮ್ಮ ಅನ್ನುತ್ತಾರೆ. ಆ ಹೆಸರಿನ ಮೇಲೆ ನನಗಿದ್ದ ಜಂಬ ಇಷ್ಟಿಷ್ಟಲ್ಲ. ಯಾರ ಮನೆಗೆ ಹೋದರೂ ಕೈಯಲ್ಲೊಂದು ಬಾಟಲಿ ಇರಬೇಕು, ಅವರು ಬಾಯಿ ಚಪ್ಪರಿಸಬೇಕು, ನಾನು 'ಅಯ್ಯೋ, ಅದೇನು ಮಹಾ' ಅನ್ನಬೇಕು.

ಸ್ಟ್ಯಾನಿ ನಾಲ್ಕನೇ ಮಹಡಿಯವರು, ಉಡುಪಿ ಕಡೆಯ ಕ್ರಿಶ್ಚಿಯನ್ನರು. ಹೆಂಡತಿ ಆಲ್ಬಿನಾ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟು, ಮಗಳು ಹೇಝಲ್ ನಮ್ಮ ದಿಶಾಳಿಗಿಂತ ಎರಡು ವರ್ಷ ಚಿಕ್ಕವಳು. ಸ್ಟ್ಯಾನಿಗೆ ಒಂದೇ ಹುಚ್ಚು, ಬಾಲ್ಕನಿಯ ಹೂಜಿ ಗಿಡ. ಹಸಿರು ಕೊಳವೆಗಳು ನೆಟ್ಟಗೆ ನಿಂತಿರುತ್ತವೆ, ಕೆಂಪು ನರ, ಮೇಲೊಂದು ಮುಚ್ಚಳ. ಸಿಹಿಯ ಆಸೆಗೆ ಬಂದ ನೊಣ ಒಳಗೆ ಜಾರಿತೆಂದರೆ ಮುಗಿಯಿತು, ಗಿಡ ಅದನ್ನು ಕರಗಿಸಿ ಕುಡಿಯುತ್ತದೆ. "ನೊಣ ಎಲ್ಲ ನಮ್ಮನೇಲಿ, ನೊಣ ಹಿಡಿಯೋದು ನಿಮ್ಮನೇಲಿ. ಇದ್ಯಾವ ನ್ಯಾಯ ಸ್ಟ್ಯಾನಿ?" ಎಂದು ನಾನು ರೇಗಿಸುತ್ತಿದ್ದೆ.

ನವೆಂಬರ್ ಕೊನೆಯಲ್ಲಿ ಅವರು ಒಂದು ಜಿಪ್ ಕವರ್ ಹಿಡಿದುಕೊಂಡು ಬಂದರು. ಒಳಗೆ ಕಂದು ಬಣ್ಣದ ಒದ್ದೆ ಪಾಚಿ, ಪಾಚಿಯೊಳಗೆ ಏನೋ ಗಂಟು ಗಂಟು.

"ಲಲಿತಕ್ಕ, ಇದು ನಮ್ಮ ಗಿಡದ ಗಡ್ಡೆ. ಎಲೆ ಎಲ್ಲ ಕತ್ತರಿಸಿದ್ದೇನೆ. ಮೂರು ತಿಂಗಳು ಇದನ್ನು ನಿಮ್ಮ ಫ್ರಿಜ್ಜಲ್ಲಿ ಮಲಗಿಸ್ಲಿಕ್ಕೆ ಆಗ್ತದಾ?"

"ಮಲಗಿಸೋದಾ? ಜೋಗುಳ ಬೇರೆ ಹಾಡಬೇಕಾ?"

"ಇದು ಚಳಿ ದೇಶದ ಗಿಡ ಅಕ್ಕ. ಅಲ್ಲಿ ಚಳಿಗಾಲ ಇಡೀ ಮಣ್ಣೊಳಗೆ ಮಲಗ್ತದೆ. ಮಲಗದಿದ್ರೆ ಎರಡು ಮೂರು ವರ್ಷದಲ್ಲಿ ಸುಸ್ತಾಗಿ ಸಾಯ್ತದೆ. ಇಲ್ಲಿ ಮಸ್ಕತ್ತಲ್ಲಿ ಎಂತ ಚಳಿ ಉಂಟು ಹೇಳಿ? ಹಾಗಾಗಿ ಫ್ರಿಜ್ಜೇ ಗತಿ. ಎಂಟು ವರ್ಷದಿಂದ ನಮ್ಮ ಫ್ರಿಜ್ಜಲ್ಲೇ ಇಡುದು. ಈ ಸಲ ಕ್ರಿಸ್ಮಸ್ಸಿಗೆ ಊರಿಗೆ ಹೋಗ್ಲಿಕ್ಕುಂಟು, ಮೇನ್ ಸ್ವಿಚ್ ಆಫ್ ಮಾಡಿ ಹೋಗ್ಬೇಕು."

ಹೇಝಲ್ ಆರು ವರ್ಷದವಳಿದ್ದಾಗ ತಂದ ಗಿಡವಂತೆ. ಮಸ್ಕತ್ತು ಬಿಟ್ಟು ಹೋಗುತ್ತಿದ್ದ ಯಾರೋ ಕೊಟ್ಟಿದ್ದು, ಇಲ್ಲಿ ಮತ್ತೆ ಸಿಗುವುದಿಲ್ಲ. "ಬಿಚ್ಚಬೇಡಿ, ನೀರು ಹಾಕಬೇಡಿ, ಮರೆತುಬಿಡಿ," ಎಂದು ಎರಡೆರಡು ಸಲ ಹೇಳಿದರು. ಫ್ರೀಜರಿನಲ್ಲಿ ಇಡಬೇಡಿ, ಕೆಳಗೆ ತರಕಾರಿ ಟ್ರೇನಲ್ಲಿಡಿ ಎಂದೂ ಹೇಳಿದರು. ಜನವರಿಯಲ್ಲಿ ಊರಿಂದ ಬಂದ ಮೇಲೂ ಅದನ್ನು ಒಯ್ಯಲಿಲ್ಲ. "ಎಬ್ಬಿಸುವ ಸಮಯ ಆಗ್ಲಿಲ್ಲ, ನಿಮ್ಮ ಫ್ರಿಜ್ಜಲ್ಲೇ ಆರಾಮ ಇರ್ಲಿ," ಅಂದರು. ಅಷ್ಟು ನಂಬಿಕೆ.

ಈಗ ನನ್ನ ಗುಟ್ಟನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾಲ್ಕು ವರ್ಷದ ಹಿಂದೆ ಕೋವಿಡ್ ಬಂದಾಗ ನನ್ನ ಮೂಗು ಹೋಯಿತು. ಎಲ್ಲರಿಗೂ ಹೋಗಿತ್ತು, ಎಲ್ಲರಿಗೂ ವಾಪಸ್ ಬಂತು, ನನಗೆ ಬರಲಿಲ್ಲ. ಇಂಗು, ಮಲ್ಲಿಗೆ, ಫಿಲ್ಟರ್ ಕಾಫಿ, ಸೀದ ಹಾಲು, ಯಾವುದೂ ಇಲ್ಲ. ನಾಲಿಗೆಗೆ ಉಪ್ಪು, ಹುಳಿ, ಖಾರ ಮಾತ್ರ ತಿಳಿಯುತ್ತದೆ. ಯಾರಿಗೂ ಹೇಳಲಿಲ್ಲ. ಮೂಗಿಲ್ಲದ ಅಡುಗೆಯವಳ ಉಪ್ಪಿನಕಾಯಿ ಯಾರು ತಿನ್ನುತ್ತಾರೆ? ಒಗ್ಗರಣೆಯನ್ನು ಬಣ್ಣ ನೋಡಿ ಇಳಿಸುತ್ತಿದ್ದೆ, ಹಾಲಿಗೆ ಫೋನಿನಲ್ಲಿ ಟೈಮರ್ ಇಡುತ್ತಿದ್ದೆ, ಇಂಗನ್ನು ಅಂದಾಜಿನ ಮೇಲೆ ಒಂದು ಚಿಟಿಕೆ ಜಾಸ್ತಿಯೇ ಹಾಕುತ್ತಿದ್ದೆ. ಗಂಡನಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಆ ಮನುಷ್ಯನೋ, ಆಫೀಸಿಂದ ಬಂದವರು ಶೂ ಬಿಚ್ಚುವ ಮೊದಲೇ ನೇರ ಅಡುಗೆಮನೆಗೆ ಬಂದು ಒಂದು ಲೋಟ ನೀರು ಬಗ್ಗಿಸಿಕೊಂಡು, ಸ್ಟವ್ ಪಕ್ಕದಲ್ಲಿ ನಿಂತುಬಿಡುವರು. "ಅತ್ತೆ ಥರ ನನ್ನ ಕೆಲಸ ನೋಡ್ತಾ ನಿಂತ್ಕೋಬೇಡಿ, ಹಾಲ್‌ನಲ್ಲಿ ಕುಡೀರಿ," ಎಂದು ದಿನಾ ಬೈಯುತ್ತಿದ್ದೆ.

ಸಂಕ್ರಾಂತಿಗೆ ಎರಡು ದಿನ ಮೊದಲು ಫ್ರಿಜ್ ತೊಳೆಯಲು ಕೂತೆ. ಎಳ್ಳು ಬೀರುವ ಹಬ್ಬ, ಮನೆಗೆ ನಾಲ್ಕು ಜನ ಬರುತ್ತಾರೆ. ಟ್ರೇ ಎಳೆದರೆ ಆ ಕವರು. ಒಳಗಿನ ಪಾಚಿ ಕೆಸರಿನ ಹಾಗೆ ಕಂಡಿತು. ನೊಣ ತಿನ್ನುವ ಗಿಡ, ಪಕ್ಕದಲ್ಲೇ ಹಬ್ಬದ ಹಾಲು ಬೆಣ್ಣೆ. ನನ್ನ ಕೈ ಸುಮ್ಮನಿರಬೇಕಲ್ಲ! ಕವರ್ ಬಿಚ್ಚಿದೆ, ಪಾಚಿಯನ್ನು ಕಸಕ್ಕೆ ಹಾಕಿದೆ, ಗಡ್ಡೆಗಳನ್ನು ನಲ್ಲಿಯ ಕೆಳಗೆ ಮೂರು ಸಲ ತೊಳೆದು, ಒರೆಸಿ, ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. 'ಪಾಪ, ಇನ್ನಾದರೂ ನೀಟಾಗಿ ಮಲಗಲಿ' ಅಂದುಕೊಂಡೆ. ಬುದ್ಧಿವಂತೆ!

ಅದಾದ ವಾರಕ್ಕೆ ರೋಹನ್ ಬಂದ. ಮೈಸೂರಿನ ಹುಡುಗ, ಯಜಮಾನರ ಆಫೀಸಿನಲ್ಲೇ ಡ್ರಾಫ್ಟ್ಸ್‌ಮನ್, ಎರಡು ಬೀದಿ ಆಚೆ ರೂಮು ಮಾಡಿಕೊಂಡಿದ್ದಾನೆ. ಊರಿಂದ ಬರುವಾಗ ನನಗೆಂದು ಅವರಮ್ಮ ಮಾಗಳಿ ಬೇರು ಕಳಿಸಿದ್ದರು, ಡಬ್ಬಿಗೆ ಹಿಡಿಯುವಂತೆ ತುಂಡು ಮಾಡಿ. ಮಾಗಳಿ ಬೇರಿನ ಉಪ್ಪಿನಕಾಯಿ ಅಂದರೆ ನಮ್ಮ ಕಡೆ ಪ್ರಾಣ ಬಿಡುವವರಿದ್ದಾರೆ, ತಿಗಣೆ ವಾಸನೆ ಎಂದು ಓಡಿಹೋಗುವವರೂ ಇದ್ದಾರೆ. ನಮ್ಮ ಮನೆಯಲ್ಲಿ ಅಪ್ಪ ಮಗಳು ಇಬ್ಬರೂ ಓಡುವವರು. ನಾನು ಆಗ ಒಬ್ಬಟ್ಟು ಬೇಯಿಸುತ್ತಿದ್ದೆ. ದಿಶಾ ಮೂಗು ಹಿಡಿದುಕೊಂಡೇ ಪೊಟ್ಟಣವನ್ನು ಒಂದು ಡಬ್ಬಿಗೆ ಸುರಿದು ಫ್ರಿಜ್ಜಿಗೆ ತಳ್ಳಿದಳು. ಅದೂ ಸ್ಟೀಲ್ ಡಬ್ಬಿ, ಅದೇ ಜೋಡಿಯದು.

ಜನವರಿ ಕೊನೆಯ ಶನಿವಾರ ಉಪ್ಪಿನಕಾಯಿಗೆ ಕೂತೆ. ಡಬ್ಬಿ ತೆಗೆದೆ, ನೀರಲ್ಲಿ ನೆನೆಸಿದೆ, ಸಿಪ್ಪೆ ಹೆರೆದೆ. ಮಾಗಳಿ ಬೇರಿನ ನಡುವೆ ಕಡ್ಡಿಯಂಥ ನಾರಿರುತ್ತದೆ, ಸೀಳಿ ತೆಗೆಯಬೇಕು, ಅರ್ಧ ದಿನದ ಕೆಲಸ. ಈ ಸಲ ನಾರೇ ಇಲ್ಲ! 'ಎಂಥಾ ಎಳೇ ಬೇರು ಕಳಿಸಿದಾರೆ ರೋಹನ್ ತಾಯಿ' ಎಂದು ಹಿಗ್ಗಿದೆ. ಸಣ್ಣಗೆ ಹೆಚ್ಚಿ, ಉಪ್ಪು, ಸಾಸಿವೆ, ಖಾರದ ಪುಡಿ, ನಿಂಬೆರಸ ಹಾಕಿ, ಗಟ್ಟಿ ಮಜ್ಜಿಗೆಯಲ್ಲಿ ಕಲಸಿದೆ. ಪ್ರತಿ ವರ್ಷ ಆ ದಿನ ಟವಲ್ ಮುಖಕ್ಕೆ ಸುತ್ತಿಕೊಂಡು ಮನೆ ಬಿಟ್ಟು ಹೋಗುವ ಯಜಮಾನರು ಅವತ್ತು ಹಾಲ್‌ನಲ್ಲೇ ಕೂತು ಪೇಪರ್ ಓದಿದರು.

"ಮಮ್ಮಿ, ದಿಸ್ ಟೈಮ್ ಇಟ್ ಡಸಂಟ್ ಸ್ಟಿಂಕ್," ಅಂದಳು ದಿಶಾ.

"ಹೋಗೇ, ಒಳ್ಳೇ ಬೇರು ಅಂದ್ರೆ ಹಾಗೇ ಇರೋದು," ಅಂದೆ. ಕಣ್ಣೆದುರಿಗೆ ದೇವರೇ ಬಂದು ಕೈ ಹಿಡಿದು ತೋರಿಸಿದ ಹಾಗಿತ್ತು, ಆದರೂ ನನಗೆ ಹೊಳೆಯಲಿಲ್ಲ.

ಮೂರು ಬಾಟಲಿ ಆಯಿತು. ಬಾಯಿಗೆ ಬಟ್ಟೆ ಕಟ್ಟಿ, ದಾರ ಸುತ್ತಿ, ಒಂದು ರೋಹನ್‌ಗೆ, ಒಂದು ಆಲ್ಬಿನಾಗೆ ಕೊಟ್ಟೆ. ಒಂದು ನನಗೆ. ನಾಲ್ಕು ದಿನ ಬಿಟ್ಟು ರೋಹನ್‌ನಿಂದ ಮೆಸೇಜು: ಸೂಪರ್ ಆಂಟಿ, ಅಮ್ಮ ಮಾಡಿದ ಹಾಗೇ ಇದೆ. ಲಿಫ್ಟಿನಲ್ಲಿ ಸಿಕ್ಕಿದ ಆಲ್ಬಿನಾ, "ಭಾರಿ ಲಾಯ್ಕಾಗಿದೆ ಅಕ್ಕ," ಅಂದಳು. ಆ ರಾತ್ರಿ ಮೊಸರನ್ನಕ್ಕೆ ನಾನು ಎರಡು ಸಲ ಬಡಿಸಿಕೊಂಡೆ.

ಫೆಬ್ರವರಿ ಕೊನೆಯ ಶುಕ್ರವಾರ, ಇಲ್ಲಿ ವಾರದ ರಜೆ ಅವತ್ತೇ, ಬೆಳಗಿನ ಪೂಜೆ ಮುಗಿಸಿ ಚರ್ಚಿನಿಂದ ಬಂದ ಸ್ಟ್ಯಾನಿ ನೇರ ನಮ್ಮ ಬಾಗಿಲಿಗೆ ಬಂದರು. ಮುಖ ಅರಳಿತ್ತು. "ಅಕ್ಕ, ನಿದ್ದೆ ಮುಗೀತು. ಕುಂಡ ರೆಡಿ ಮಾಡಿಟ್ಟಿದ್ದೇನೆ, ಹೇಝಲ್ ಕಾಯ್ತಾ ಇದ್ದಾಳೆ."

ನಾನು ಫ್ರಿಜ್ಜಿನಿಂದ ಡಬ್ಬಿ ತೆಗೆದು ಕೊಟ್ಟೆ. ಅವರು ಮುಚ್ಚಳ ತೆಗೆದವರೇ ಒಂದು ಹೆಜ್ಜೆ ಹಿಂದೆ ಸರಿದರು.

"ಎಂತ ಅಕ್ಕ ಇದು! ಇದು ನನ್ನದಲ್ಲ."

ಒಳಗಿನ ರೂಮಿಂದ ದಿಶಾ ಕೂಗಿದಳು. "ಮಮ್ಮಿ! ಹೂ ಓಪನ್ಡ್ ದ ಮಾಗಳಿ? ಕ್ಲೋಸ್ ಇಟ್!"

ಸ್ಟ್ಯಾನಿ ಡಬ್ಬಿಯನ್ನು ದೂರ ಹಿಡಿದು ನನ್ನ ಮುಖ ನೋಡಿದರು. "ಇಷ್ಟು ವಾಸನೆ ಬರ್ತಾ ಉಂಟು. ನಿಮಗೆ..." ಎಂದವರು ತಡೆದು, ಮುಚ್ಚಳ ಹಾಕಿದರು.

ಡಬ್ಬಿಯ ತುಂಬ ಮಾಗಳಿ ಬೇರು, ಒಂದೂ ಕಡಿಮೆಯಾಗದೆ. ಹಾಗಾದರೆ ನಾನು ಹೆಚ್ಚಿ ಕಲಸಿದ್ದು ಸ್ಟ್ಯಾನಿಯ ಗಡ್ಡೆ. ಆದರೂ ಬಾಯಿ ಎಷ್ಟು ಚುರುಕು ನೋಡಿ! "ಅಯ್ಯೋ, ಮರೆತೇಬಿಟ್ಟೆ. ನಿಮ್ಮದನ್ನ ಇವರ ಆಫೀಸ್ ಫ್ರಿಜ್ಜಲ್ಲಿ ಇಟ್ಟಿದೀವಿ ಸ್ಟ್ಯಾನಿ, ಇಲ್ಲಿ ಜಾಗ ಸಾಲದೆ. ಭಾನುವಾರ ಆಫೀಸ್ ತೆಗೆದ ಮೇಲೆ ತರಿಸ್ತೀನಿ."

"ಆಯ್ತಕ್ಕ, ಅರ್ಜೆಂಟ್ ಇಲ್ಲ." ಅವರು ನಂಬಿದರು. ಮೆಟ್ಟಿಲ ಹತ್ತಿರ ಹೋದವರು ತಿರುಗಿ, "ಬರಿಗೈಯಲ್ಲಿ ಮುಟ್ಟಬೇಡಿ ಅಂತ ರಾಜಣ್ಣನಿಗೆ ಹೇಳಿ. ಬೂಷ್ಟು ಹಿಡೀಬಾರ್ದು ಅಂತ ಮದ್ದಿನ ಪುಡಿ ಹಾಕಿದ್ದೇನೆ. ಬಾಯಿಗೆ ಹೋದ್ರೆ ಒಳ್ಳೇದಲ್ಲ," ಅಂದರು.

ಬಾಗಿಲು ಹಾಕಿಕೊಂಡು ಅಲ್ಲೇ ನೆಲದ ಮೇಲೆ ಕೂತೆ. ಮೂರು ಸಲ ತೊಳೆದಿದ್ದೆ, ಹೌದು. ಆದರೆ ಒಂದೂವರೆ ತಿಂಗಳು ಆ ಪುಡಿಯಲ್ಲೇ ಮಲಗಿದ್ದ ಗಡ್ಡೆ, ಒಳಗೆ ಎಷ್ಟು ಹೀರಿಕೊಂಡಿದೆಯೋ. ನಾನು ದಿನಾ ತಿಂದಿದ್ದೇನೆ, ಏನೂ ಆಗಿಲ್ಲ, ನನಗಾದರೆ ಆಗಲಿ. ರೋಹನ್? ಹೇಝಲ್?

ರೋಹನ್‌ಗೆ ಫೋನ್ ಮಾಡಿದೆ. "ಉಪ್ಪಿನಕಾಯಿ ತಿಂತಾ ಇದೀಯೇನೋ?"

"ಹೂಂ ಆಂಟಿ! ದಿನಾ. ಅರ್ಧ ಖಾಲಿ."

'ಬಿಸಾಕು, ಅದರಲ್ಲಿ ಮದ್ದಿದೆ, ಡಾಕ್ಟರ ಹತ್ತಿರ ಹೋಗು' ಎಂದು ಆಗಲೇ ಹೇಳಬೇಕಿತ್ತು. ಒಂದೇ ಮಾತು. ನನ್ನಿಂದ ಆ ಮಾತು ಹೊರಡಲಿಲ್ಲ. "ಉಪ್ಪು ಕಮ್ಮಿ ಬಿದ್ದಿದೆ ಕಣೋ, ಮುಟ್ಟಬೇಡ, ನಾನೇ ಬಂದು ತಗೊಂಡು ಹೋಗ್ತೀನಿ," ಅಂದೆ. ಒಬ್ಬ ತಾಯಿಯ ಮಗನ ಹೊಟ್ಟೆಗಿಂತ ನನ್ನ ಹೆಸರು ನನಗೆ ದೊಡ್ಡದಾಯಿತು. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಯಜಮಾನರಿಗೆ ಅಂಗಡಿಗೆ ಎಂದು ಹೇಳಿ ಹೊರಟೆ. ಶುಕ್ರವಾರ, ಗ್ಯಾರೇಜುಗಳ ಶಟರ್ ಎಲ್ಲ ಇಳಿದಿತ್ತು. ಎರಡು ಬೀದಿ ಹೆಚ್ಚುಕಡಿಮೆ ಓಡಿದೆ. ರೋಹನ್ ಬಾಗಿಲಲ್ಲೇ ಬಾಟಲಿ ಹಿಡಿದು ನಿಂತಿದ್ದ, ತಲೆ ತಗ್ಗಿಸಿಕೊಂಡು. ಬಾಟಲಿ ತುಂಬ ಇತ್ತು. ನಾನು ಕಟ್ಟಿದ್ದ ಬಟ್ಟೆ, ನಾನು ಸುತ್ತಿದ್ದ ದಾರ, ನನ್ನದೇ ಗಂಟು.

"ಸಾರಿ ಆಂಟಿ. ಸುಳ್ಳು ಹೇಳ್ದೆ."

ನನಗೆ ಮೊದಲು ಬಂದದ್ದು ಅಳು, ಸಂತೋಷದ ಅಳು. ಹುಡುಗ ತಿಂದಿಲ್ಲ! ಆಮೇಲೆ ಕೇಳಿದೆ. "ಯಾಕೋ ತಿನ್ನಲಿಲ್ಲ? ಮಾಗಳಿ ಅಂದ್ರೆ ಸಾಯ್ತಿದ್ದೆ."

"ಹೋದ ವರ್ಷ ಕೊಟ್ಟಿದ್ರಲ್ಲ ಆಂಟಿ, ಅದು ಕೆಟ್ಟ ವಾಸನೆ ಬಂದಿತ್ತು. ಅದರ ಹಿಂದಿನ ವರ್ಷದ್ದೂ. ಹೇಳಿದ್ರೆ ಬೇಜಾರು ಮಾಡ್ಕೋತೀರ ಅಂತ..." ಮಾತು ಅರ್ಧಕ್ಕೇ ಬಿಟ್ಟು ಬಾಟಲಿಯನ್ನು ನನ್ನ ಕೈಗಿಟ್ಟ. ನಾನೂ ಮುಗಿಸು ಅನ್ನಲಿಲ್ಲ.

ಬಾಟಲಿ ಕಂಕುಳಲ್ಲಿ ಇರುಕಿಕೊಂಡು ವಾಪಸ್ ಬಂದೆ. ನಾಲ್ಕನೇ ಮಹಡಿಯ ಬಾಟಲಿಗೆ ಇನ್ನೊಂದು ಸುಳ್ಳು ಬೇಕಿತ್ತು. ಲಿಫ್ಟಿನಲ್ಲಿ ಹುಡುಕಿದೆ, ಸಿಗಲಿಲ್ಲ, ಸಿಕ್ಕಿದ್ದರೆ ಹೇಳಿಯೇ ಬಿಡುತ್ತಿದ್ದೆ. ಹೇಝಲ್ ಬಾಗಿಲು ತೆಗೆದಳು. ಅವಳ ಹಿಂದೆ ಬಾಲ್ಕನಿಯಲ್ಲಿ ಹೊಸ ಪಾಚಿ ತುಂಬಿದ ಖಾಲಿ ಕುಂಡ ಕಾಣುತ್ತಿತ್ತು. ಸ್ಟ್ಯಾನಿ ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೀರು ಚಿಮುಕಿಸುತ್ತಿದ್ದರು.

"ಆಲ್ಬಿನಾ, ಆ ಉಪ್ಪಿನಕಾಯಿ ತಿಂದಿದೀರಾ? ನಿಜ ಹೇಳಮ್ಮ. ಹೇಝಲ್ ತಿಂದಿದಾಳಾ?"

"ಎಂತಾಯ್ತು ಅಕ್ಕ? ಕೂತ್ಕೊಳ್ಳಿ ಮೊದ್ಲು."

"ಅದು ಮಾಗಳಿ ಬೇರಲ್ಲ. ನಿಮ್ಮ ಗಿಡ."

ನಿಂತುಕೊಂಡೇ ಎಲ್ಲ ಹೇಳಿದೆ. ಕವರ್ ಬಿಚ್ಚಿದ್ದು, ಪಾಚಿ ಬಿಸಾಡಿದ್ದು, ಡಬ್ಬಿ ಅದಲುಬದಲಾಗಿದ್ದು, ಬೆಳಗ್ಗೆ ಸ್ಟ್ಯಾನಿಯ ಮುಖಕ್ಕೇ ಸುಳ್ಳು ಹೇಳಿದ್ದು. ಹೇಝಲ್, "ಶಿ ಪಿಕಲ್ಡ್ ಇಟ್?" ಎಂದು ಫಕ್ಕನೆ ನಕ್ಕಳು. ನಕ್ಕವಳು ಅಪ್ಪನ ಮುಖ ನೋಡಿ ಸುಮ್ಮನಾದಳು, ಕಣ್ಣು ತುಂಬಿಕೊಂಡು ಒಳಗೆ ಹೋದಳು.

"ನನಗೆ ವಾಸನೆ ಗೊತ್ತಾಗಲ್ಲ ಆಲ್ಬಿನಾ. ನಾಲ್ಕು ವರ್ಷ ಆಯ್ತು." ಈ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆಲ್ಬಿನಾ ಅಡುಗೆಮನೆಗೆ ಹೋಗಿ ಸಿಂಕಿನ ಕೆಳಗಿನ ಬಾಗಿಲು ತೆರೆದಳು. ಹೂಜಿ ಗಿಡದ ಬಾಟಲಿ ಮುಂದೆಯೇ ಇತ್ತು, ಗಂಟು ಬಿಚ್ಚಿರಲಿಲ್ಲ. ಅದರ ಹಿಂದೆ ಹೋದ ವರ್ಷದ ಮಾವಿನಕಾಯಿ. ಅದರ ಹಿಂದೆ ನಿಂಬೆಕಾಯಿ. ಇನ್ನೂ ಹಿಂದೆ, ಬಟ್ಟೆ ಹಳದಿಯಾದ ಅಮಟೆಕಾಯಿ. ನಾಲ್ಕೂ ನನ್ನ ಬಾಟಲಿಗಳು, ನಾಲ್ಕೂ ಭರ್ತಿ.

"ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ ಅಕ್ಕ," ಅಂದಳು. "ಮೊದ್ಲು ನೀವು ಮಾಡ್ತಾ ಇದ್ದದ್ದು ಎಷ್ಟು ಲಾಯ್ಕ ಇತ್ತು."

ಯಾರಾದರೂ ಸತ್ತುಹೋದರೇನೋ ಎಂದು ಓಡಿ ಬಂದಿದ್ದೆ. ಯಾರಿಗೂ ಏನೂ ಆಗಿರಲಿಲ್ಲ, ಯಾಕೆಂದರೆ ನನ್ನ ಕೈಯ ಉಪ್ಪಿನಕಾಯಿಯನ್ನು ಯಾರೂ ತಿನ್ನದೆ ವರ್ಷಗಳಾಗಿದ್ದವು. ದೇವರೇ, ಎಷ್ಟು ಹಗುರಾಯಿತು, ಎಷ್ಟು ನಾಚಿಕೆಯಾಯಿತು. ಎರಡೂ ಒಟ್ಟಿಗೇ ಬಂದವು.

ಸ್ಟ್ಯಾನಿ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತರು. ಬೈಯಲಿ ಎಂದು ಕಾದೆ. "ಬೈದುಬಿಡಿ ಸ್ಟ್ಯಾನಿ. ಎಂಟು ವರ್ಷದ ಗಿಡ," ಅಂದೆ.

ಅವರು ಮುಂದಿದ್ದ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಅಷ್ಟು ಸಣ್ಣಗೆ ಹೆಚ್ಚಿದ್ದೆ ನಾನು. "ಒಂದು ಮೊಗ್ಗಾದ್ರೂ ಉಳಿದಿದ್ರೆ ಬದುಕಿಸ್ಬಹುದಿತ್ತು," ಅಂದರು. ಆಮೇಲೆ ಬಾಟಲಿ ಕೆಳಗಿಟ್ಟು, "ತಪ್ಪು ನಂದೂ ಉಂಟು ಅಕ್ಕ. ನಿಮಗೆ ವಾಸನೆ ತಿಳಿಯುದಿಲ್ಲ ಅಂತ ಗೊತ್ತಿದ್ದೂ ಅಡುಗೆ ಫ್ರಿಜ್ಜಲ್ಲಿ ಇಡ್ಲಿಕ್ಕೆ ಕೊಟ್ಟೆ," ಅಂದರು.

"ಗೊತ್ತಿತ್ತಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ರಾಜಣ್ಣ ಹೇಳಿದ್ರು," ಎಂದಳು ಆಲ್ಬಿನಾ. "ಮೂರು ವರ್ಷ ಆಯ್ತು. ಅವಳಾಗಿ ಹೇಳುವವರೆಗೆ ನೀವ್ಯಾರೂ ಕೇಳಬೇಡಿ, ಅವಳಿಗೆ ತುಂಬಾ ಬೇಜಾರಾಗ್ತದೆ ಅಂತ."

ರೋಹನ್‌ನದೂ ಸೇರಿ ಐದು ಬಾಟಲಿಗಳನ್ನು ಚೀಲದಲ್ಲಿ ಹಾಕಿಕೊಂಡು ಎರಡು ಮಹಡಿ ಮೆಟ್ಟಿಲಿನಲ್ಲೇ ಇಳಿದೆ. ಯಜಮಾನರು ಬಾಗಿಲು ತೆಗೆದರು. ಚೀಲ ನೋಡಿದರು, ನನ್ನ ಮುಖ ನೋಡಿದರು. "ಭಾರ ಇದೆ, ಕೊಡು ಇಲ್ಲಿ," ಎಂದು ಇಸಿದುಕೊಂಡು ಅಡುಗೆಮನೆಗೆ ಹೋದರು. ನಾನೂ ಹಿಂದೆಯೇ ಹೋದೆ.

ಅವರು ಚೀಲವನ್ನು ಕಟ್ಟೆಯ ಮೇಲಿಟ್ಟು, ಅಭ್ಯಾಸದ ಹಾಗೆ ಒಂದು ಲೋಟ ನೀರು ಬಗ್ಗಿಸಿಕೊಂಡರು. ಸ್ಟವ್ ಪಕ್ಕದಲ್ಲಿ ನಿಂತರು. ನಾನು ಈ ಸಲ ಬೈಯಲಿಲ್ಲ, ನೋಡುತ್ತಾ ನಿಂತೆ. ನಾಲ್ಕು ವರ್ಷದಲ್ಲಿ ಮೊದಲನೇ ಸಲ ನೋಡಿದೆ. ಅವರು ಮೆಲ್ಲಗೆ ಒಂದು ಉಸಿರು ಎಳೆದುಕೊಂಡರು. ಬಗ್ಗಿ ಗ್ಯಾಸ್ ಸಿಲಿಂಡರಿನ ಹತ್ತಿರ ಇನ್ನೊಂದು ಸಲ ಎಳೆದುಕೊಂಡರು. ರೆಗ್ಯುಲೇಟರ್ ಮುಟ್ಟಿ ನೋಡಿದರು. ಸ್ಟವ್‌ನ ಎರಡೂ ಗುಂಡಿಗಳನ್ನು ಬೆರಳಿಂದ ಒತ್ತಿ ನೋಡಿದರು.

"ದಿನಾ ಬರ್ತಿದ್ದಿದ್ದು ಇದಕ್ಕಾ?" ಎಂದು ಕೇಳಿದೆ.

ಅವರು ಕೈಯಲ್ಲಿದ್ದ ಲೋಟದಿಂದ ಒಂದು ಗುಟುಕೂ ಕುಡಿಯದೆ, ನೀರನ್ನು ಸಿಂಕಿಗೆ ಚೆಲ್ಲಿ, ಲೋಟವನ್ನು ಬೋರಲು ಹಾಕಿದರು.